ನಿಂತ ಲಾರಿಯ ಮೇಲೆ ಮೊದಲ ಪಾಠ

ಕಲಬುರಗಿ ಜಿಲ್ಲೆಯ ವಾಡಿ ಪಟ್ಟಣದ ಹೊರಗೆ ಹೆದ್ದಾರಿ ಬದಿಯಲ್ಲಿ ಬಲ್ಕರ್ ಲಾರಿಗಳು ಸಾಲಾಗಿ ನಿಂತಿವೆ. ಸಿಮೆಂಟ್ ಪುಡಿ ತುಂಬಿಸಿಕೊಳ್ಳಲು ಕಾರ್ಖಾನೆಯ ಕರೆಗೆ ಕಾಯುತ್ತಿವೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಲಾರಿಯ ಡ್ರೈವರ್ ಸೀಟಿನಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬರು ಸ್ಟಿಯರಿಂಗ್ ಹಿಡಿದು ಕುಳಿತಿದ್ದಾರೆ. ಎಂಜಿನ್ ಬಂದ್ ಇದೆ. ಲಾರಿಯ ಎಡಕ್ಕೆ ತಮ್ಮ ಹಳೆಯ ಕಾರು ನಿಲ್ಲಿಸಿದ ಶಿವರಾಯ ಕೆಳಗಿನಿಂದ ಕೂಗುತ್ತಾರೆ:

“ತಂಗಿ, ನನ್ನ ಕಾರ್ ಕಾಣಸ್ತದೇನು?”

“ಇಲ್ಲಣ್ಣಾ. ಎಲ್ಲಿ ನಿಲ್ಲಿಸೀರಿ?”

“ನಿನ್ನ ಬಗಲಾಗೇ ಅದ! ಈಗ ನೀ ಎಡಕ್ಕ ಹೊಳ್ಳಿಸಿದ್ರ ನಾ ಚಪಾತಿ ಆಗ್ತೀನಿ.”

ಲೋಡಿಗೆ ಕಾಯುತ್ತಿದ್ದ ಆ ಲಾರಿಯ ಡ್ರೈವರ್ ದಿಲೀಪ ಬೇವಿನ ಕಡ್ಡಿ ಕಚ್ಚಿಕೊಂಡೇ ನಗುತ್ತಾರೆ. “ಶಿವರಾಯಣ್ಣ, ನನ್ನ ಲಾರಿನೇ ಸಾಲಿ ಮಾಡ್ಕೊಂಡಿ. ನನಗೂ ಒಂದು ಮಾಸ್ತರ್ ನೌಕರಿ ಕೊಡು.”

ಶಹಾಬಾದಿನ ಶಿವರಾಯ ಅವರಿಗೆ ಐವತ್ತು ದಾಟಿದೆ. ಬಹಳ ವರ್ಷ ಬಲ್ಕರ್ ಓಡಿಸಿದವರು. ಸೊಂಟನೋವು ಹೆಚ್ಚಾದ ಮೇಲೆ ಲಾರಿ ಬಿಟ್ಟು ಕಾರು ಕಲಿಸಲು ಕುಳಿತರು. ಸೇಡಂ, ಚಿಂಚೋಳಿ ಕಡೆಯಿಂದಲೂ ಜನ ಬರುತ್ತಾರೆ. ದಿನಕ್ಕೆ ನಾಲ್ಕೈದು ಮಂದಿ, ಅಷ್ಟೇ. ಬಂದವರಲ್ಲಿ ಕೆಲವರು ಹೆದ್ದಾರಿ ಪಾಠ ಕಡ್ಡಾಯ ಎಂದೊಡನೆ ಜಾಗ ಖಾಲಿ ಮಾಡುತ್ತಾರೆ. “ಹೋಗ್ಲಿ ಬಿಡ್ರಿ,” ಎನ್ನುತ್ತಾರೆ ಶಿವರಾಯ. “ಈ ರಸ್ತಾ ಲಾರಿಗೋಳದು. ಲಾರಿಯವಗ ಏನೇನು ಕಾಣಸಲ್ಲ ಅಂತ ಮೊದಲು ಗೊತ್ತಾಗ್ಬೇಕು. ಕಾರ್ ಹೊಡಿಯೋದು ಆಮ್ಯಾಲಿಂದು.”

ಪತ್ರಿಕೆಗೆ ಬರೆಯಲು ಹೋಗಿದ್ದ ನನಗೆ ಇದನ್ನು ನೋಡಿ ಮೊದಲು ಬಂದದ್ದು ಸಿಟ್ಟು, ನಾವು ಲೈಸೆನ್ಸ್ ಕೊಡುವ ರೀತಿಯ ಮೇಲೆ. ಮೈದಾನದಲ್ಲಿ ಎಂಟರ ಆಕಾರ ಸುತ್ತಿಸಿ ಲೈಸೆನ್ಸ್ ಕೈಗಿಡುತ್ತೇವೆ. ಮರುದಿನ ಅವರು ಇಳಿಯುವುದು ಇದೇ ರಸ್ತೆಗೆ. ಎದುರಿಗೆ ಟಿಪ್ಪರ್, ಹಿಂದೆ ಬಲ್ಕರ್, ನಡುವೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿದ, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್. ಸತ್ತರೆ ಯಾರ ತಪ್ಪು?

ಲಾರಿಯ ಸೀಟಿನಲ್ಲಿ ಕುಳಿತಿದ್ದ ಯಂಕಮ್ಮ ಅವರ ಬಳಿಯೂ ಲೈಸೆನ್ಸ್ ಇದೆ. ದಂಡೋತಿಯವರು. ಅಲ್ಲಿನ ಹೆಂಗಸರು ಸಂಘ ಮಾಡಿಕೊಂಡು ಜೋಳದ ಕಡಕ್ ರೊಟ್ಟಿ ತಟ್ಟಿ ಕಲಬುರಗಿಯ ಅಂಗಡಿಗಳಿಗೆ ಕೊಡುತ್ತಾರೆ. ಸ್ವಂತ ಪಿಕಪ್ ಗಾಡಿಯಿದೆ, ಆದರೆ ಬಾಡಿಗೆ ಡ್ರೈವರ್ ಬರುತ್ತಿದ್ದುದು ಅವನಿಗೆ ಮನಸ್ಸಾದಾಗ. ಅದಕ್ಕೇ ಯಂಕಮ್ಮ ಡ್ರೈವಿಂಗ್ ಕಲಿತರು. ಲೈಸೆನ್ಸ್ ಸಿಕ್ಕಿ ರೊಟ್ಟಿ ಒಯ್ದ ಮೊದಲ ದಿನವೇ ಬಲ್ಕರ್ ಒಂದರ ಎಡಕ್ಕೆ ನುಗ್ಗಿದರು. ಲಾರಿಯೂ ಎಡಕ್ಕೆ ಸರಿಯಿತು. ಪಿಕಪ್ ತೊಗರಿ ಹೊಲಕ್ಕೆ ಇಳಿಯಿತು.

“ರೊಟ್ಟಿ ಎಲ್ಲಾ ಪುಡಿ ಆದವು. ಆವತ್ತೇ ಕೀಲಿ ಸಂಘದವರಿಗಿ ಕೊಟ್ಬಿಟ್ಟೆರಿ,” ಎನ್ನುತ್ತಾರೆ ಅವರು. ಸಂಘದವರದು ಒಂದೇ ಮಾತು: ನೀನು ಓಡಿಸದಿದ್ದರೆ ಗಾಡಿ ಮಾರುತ್ತೇವೆ. ಹಾಗಾಗಿ ಅವರು ಶಿವರಾಯ ಅವರಲ್ಲಿ ಕಲಿಯಲು ಬಂದರು.

ಮೂರು ವಾರದ ನಂತರ ಮತ್ತೆ ಹೋಗುತ್ತೇನೆ. ಅಂದು ಯಂಕಮ್ಮ ರೊಟ್ಟಿ ತುಂಬಿದ ಪಿಕಪ್ಪನ್ನು ತಾವೇ ಕಲಬುರಗಿಗೆ ಒಯ್ಯಬೇಕು. ಅವರ ಪಕ್ಕದಲ್ಲಿ ಶಿವರಾಯ, ಬಾಗಿಲ ಬದಿಗೆ ನಾನು. ವಾಡಿ ದಾಟಿದೊಡನೆ ಮುಂದೆ ಬಲ್ಕರ್ ಸಿಗುತ್ತದೆ. ನಡೆಯುವ ಎಮ್ಮೆಯಷ್ಟೇ ಅದರ ವೇಗ. ಹಿಂದಿನ ಜೀಪು ಹಾರ್ನ್ ಹೊಡೆದು ಕಿವಿ ಹರಿಯುತ್ತಿದೆ.

“ಎಡಕ್ಕೆ ಜಾಗ ಇದೆಯಲ್ಲಮ್ಮಾ,” ಎಂದೆ, ತಡೆಯಲಾಗದೆ.

“ಜಾಗ ಅದರೀ. ಅವನಿಗಿ ನಾವು ಕಾಣಸಲ್ಲ,” ಎಂದರು ಯಂಕಮ್ಮ, ಕಣ್ಣು ರಸ್ತೆಯಿಂದ ತೆಗೆಯದೆ.

ಸ್ವಲ್ಪ ಹೊತ್ತಿಗೆ ತಗ್ಗು ತಪ್ಪಿಸಲು ಲಾರಿ ಪೂರ್ತಿ ಎಡಕ್ಕೆ ಸರಿಯಿತು. ನಾನು ತೋರಿಸಿದ ಜಾಗವೇ ಇರಲಿಲ್ಲ. ಎದುರಿನ ರಸ್ತೆ ಖಾಲಿಯಾಗುವವರೆಗೂ ಯಂಕಮ್ಮ ಕಾದರು. ಹಾರ್ನ್ ಹೊಡೆದು, ಬಲಗಡೆಯಿಂದ ದಾಟಿದರು.

ಶಹಾಬಾದ್ ಕ್ರಾಸಿನಲ್ಲಿ ಗಾಡಿ ಬದಿಗೆ ನಿಂತಿತು.

“ಇಳೀರಿ ಅಣ್ಣಾ.”

“ಯಾಕ, ಏನಾಯ್ತು?”

“ಏನಾಗಿಲ್ಲ. ನೀವು ಬಗಲಾಗ ಕುಂತ್ರ ನಾ ಘಳಿಗಿಗೊಮ್ಮೆ ನಿಮ್ಮ ಮಾರಿ ನೋಡ್ತೀನಿ. ಇಲ್ಲಿಂದ ಒಬ್ಬಾಕಿನೇ ಹೋಗ್ತೀನಿ. ಈ ಪೇಪರ್ ಅಣ್ಣನೂ ಇಳೀಲಿ. ಸುಮ್ನ ಕುಂದ್ರಾಕ ಬರಲ್ಲ ಅವರಿಗಿ.”

ಇಬ್ಬರೂ ಇಳಿದೆವು. ಪಿಕಪ್ ಬಿಳಿ ಧೂಳೆಬ್ಬಿಸಿ ಕಲಬುರಗಿ ಕಡೆ ಹೊರಟಿತು. ಅದು ಕಣ್ಮರೆಯಾಗುವವರೆಗೂ ಶಿವರಾಯ ಅಲ್ಲಾಡಲಿಲ್ಲ.

“ಹೀಗೆ ನಡುದಾರಿಯಲ್ಲಿ ಇಳಿಸಿಹೋದರೆ ಸಿಟ್ಟು ಬರುವುದಿಲ್ಲವೇ?” ಎಂದು ಕೇಳಿದೆ.

“ಸಿಟ್ಟಾ? ಒಬ್ಬೊಬ್ಬರು ಆರು ತಿಂಗಳಾದ್ರೂ ನನ್ನ ಇಳಸಲ್ರಿ,” ಎಂದು ಅವರು ವಾಡಿ ಬಸ್ಸಿಗೆ ಕೈ ಮಾಡುತ್ತಾರೆ. “ಬರ್ರಿ, ಇವತ್ತು ನಿಮ್ಮ ಟಿಕೀಟು ನಂದು.”