ಅಕ್ಕನ ಪುಸ್ತಕದ ಕರಡು ಓದಿದ್ದು

ನಮ್ಮ ಮುದ್ರಣಾಲಯದಲ್ಲಿ ಅಕ್ಕನನ್ನು ಕಂಡರೆ ಮಾಲೀಕನಿಗೂ ಅಳುಕು. ಕರಡು ತಿದ್ದುವುದು ಅವಳ ಕೆಲಸ, ನನ್ನದೂ ಅದೇ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದಬೇಕು. ಹದಿನೆಂಟು ವರ್ಷ ಓದಿದವನು ನಾನು, ತಿದ್ದಿದವಳು ಅವಳು. ಒಡಹುಟ್ಟಿದವಳಲ್ಲ, ಆದರೂ ಮೊದಲ ದಿನದಿಂದಲೇ ಅಕ್ಕ.

ತಾಯಿ ತೀರಿಕೊಂಡ ವರ್ಷ ಅವಳಿಗೆ ನಿದ್ದೆ ಹಾರಿಹೋಯಿತು. ಊಟ ಬಿಟ್ಟಳು, ಕೆಲಸಕ್ಕೆ ಬರುವುದನ್ನು ಬಿಟ್ಟಳು, ಮಾತು ಶುರುಮಾಡುವ ಮೊದಲೇ ಅಳುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಅಣ್ಣ ಫಾರ್ಮು ಹಿಡಿದು ನನ್ನ ಮೇಜಿಗೆ ಬಂದ.

"ಮಾನಸಿಕ ಆಸ್ಪತ್ರೇಲಿ ಹದಿನೈದು ದಿನ ಇರ್ಲಿ ಅಂತ. ಸಾಕ್ಷಿ ಒಬ್ರು ಬೇಕಂತೆ. ಇಲ್ಲೊಂದು ಸಹಿ ಹಾಕಿ, ಸಾಕು."

ಹಾಕಿದೆ. ಒಂದು ಅಲ್ಪವಿರಾಮ ತಪ್ಪಿದರೆ ದೊಡ್ಡ ದೊಡ್ಡ ಲೇಖಕರನ್ನೇ ತರಾಟೆಗೆ ತೆಗೆದುಕೊಳ್ಳುವ ಈ ಮಹಾಶಯ ಆ ಹಾಳೆಯ ಒಂದಕ್ಷರ ಓದಲಿಲ್ಲ.

ಹದಿನೈದು ದಿನ ಹನ್ನೊಂದು ತಿಂಗಳಾಯಿತು. ಅಣ್ಣ ಕೈತೊಳೆದುಕೊಂಡ. ನಾನೇನು ಕಮ್ಮಿಯೇ, ಎರಡು ಸಲ ಹೋಗಿ ಬಾಗಿಲಲ್ಲೇ ಬಿಸ್ಕತ್ತು ಕೊಟ್ಟು ಬಂದೆ. ಅವಳು ಮರಳಿದಾಗ ಅಲ್ಲಿಯ ಮಾತ್ರೆಗಳಿಂದ ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಮೊದಲಿನಷ್ಟೇ ಚುರುಕು. ಮೂರು ವರ್ಷ ಕೂತು ಅಲ್ಲಿಯದನ್ನೆಲ್ಲ ಬರೆದಳು. ಚಿಲಕವಿಲ್ಲದ ಕಕ್ಕಸು, ಎಲ್ಲರಿಗೂ ಸೇರಿ ಒಂದೇ ಬಾಚಣಿಗೆ, ಮಾತ್ರೆ ನುಂಗಿದ್ದೇವೆಂದು ನಾಲಿಗೆ ಎತ್ತಿ ತೋರಿಸಲು ನಿಂತ ಹೆಂಗಸರ ಸಾಲು. ಪುಸ್ತಕ ನಮ್ಮಲ್ಲಿಗೇ ಅಚ್ಚಿಗೆ ಬಂತು.

"ಯಾವತ್ತಿನ ಹಾಗೆ ನೀನೇ ಓದು" ಎಂದಳು.

ಆಸ್ಪತ್ರೆಯ ಗುಮಾಸ್ತನನ್ನು ಕಾಡಿ ಬೇಡಿ ಅವಳು ಆ ಫಾರ್ಮಿನ ನಕಲು ತಂದಿದ್ದಳು. ನಾಲ್ಕನೆಯ ಅಧ್ಯಾಯದಲ್ಲಿ ಅದನ್ನು ಇದ್ದಂತೆಯೇ ಇಳಿಸಿದ್ದಳು. "ಈಕೆ ಮನೆಯವರ ಮೇಲೆ ಕೈ ಮಾಡುತ್ತಾಳೆ, ಪೂರ್ಣವಿರಾಮ" ಎಂದು ಓದಿದೆ. ಅಕ್ಕ ಜಿರಳೆಯ ಮೇಲೂ ಕೈ ಎತ್ತಿದವಳಲ್ಲ. ಮುಂದಿನ ಸಾಲಿನ ಮೇಲೆ ಕಣ್ಣು ಬಿತ್ತು. ಅದನ್ನು ಹಾರಿಸಿ ಅದರಾಚೆಯದನ್ನು ಓದಿದೆ.

ಅವಳ ಪೆನ್ಸಿಲು ನಿಂತಿತು.

"ಒಂದು ಸಾಲು ಬಿಟ್ಟೆ."

"ಅಕ್ಕ, ಅವತ್ತು ನಾನು ಓದಿರ್ಲಿಲ್ಲ. ನಿಮ್ಮಣ್ಣ ಹೇಳಿದ್ರು ಅಂತ..."

"ಗೊತ್ತು. ಓದಿದ್ರೆ ನೀನು ಸಹಿ ಹಾಕ್ತಿರ್ಲಿಲ್ಲ. ಅದಕ್ಕೇ ಇವತ್ತು ಓದು ಅಂತಿರೋದು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಪೂರ್ಣವಿರಾಮ" ಎಂದು ಓದಿ ನಿಲ್ಲಿಸಿದೆ.

"ಕೆಳಗಿರೋ ಹೆಸರು?"

ನನ್ನ ಹೆಸರನ್ನೂ ಓದಿದೆ. ಅಕ್ಕ ಅದನ್ನು ಹಾಳೆಯಲ್ಲಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದಳು. ತಪ್ಪೇನೂ ಇರಲಿಲ್ಲ. ಸರಿ ಗುರುತು ಹಾಕಿ ಪುಟ ತಿರುವಿದಳು.