ಕಾಲು ಸುತ್ತು

ಡಚ್ ಊರಾದ ಡೀಮೆನ್‌ನಲ್ಲಿ ನನ್ನ ಪಕ್ಕದ ಫ್ಲಾಟಿನಲ್ಲಿದ್ದ ಅಜ್ಜ ಒಂದು ಕಾಲದ ವಿಮಾನ ಮೆಕ್ಯಾನಿಕ್. ಬಾಗಿಲ ಹಿಡಿಕೆ ಮುಟ್ಟಿದರೂ ಬೋಲ್ಟ್ ಬಿಗಿಯಿದೆಯೇ ಎಂದು ನೋಡುವವರಂತೆ ಒಮ್ಮೆ ಅಲುಗಿಸುತ್ತಿದ್ದರು. ಅವರ ಬಾಯಲ್ಲಿ ಸದಾ ಒಂದೇ ಡಚ್ ಮಾತು: ‘ಕ್ವಾರ್ಟ್‌ಸ್ಲಾಖ್’. ಅಂದರೆ ಕಾಲು ಸುತ್ತು.

ಕೊರೋನಾದ ಮೊದಲ ವಸಂತದಲ್ಲಿ ವಿಮಾನಗಳೆಲ್ಲ ಸಾಲಾಗಿ ನಿಂತುಬಿಟ್ಟವು. “ನಿಮ್ಮ ಹಳೇ ವಿಮಾನ ಕಂಪನಿ ಇನ್ನು ಏಳತ್ತಾ?” ಎಂದು ಬಾಲ್ಕನಿಯಿಂದಲೇ ಕೇಳಿದೆ.

“ನಾನು ಸೇರಿದಾಗ ಇದ್ದಿದ್ದೇ ನಾಲ್ಕು ವಿಮಾನ, ಅದೂ ಸೇನೆಯವರು ಬಳಸಿ ಬಿಟ್ಟಿದ್ದು,” ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು. “ದಿನಾ ಬೆಳಿಗ್ಗೆ ಪ್ರೊಪೆಲ್ಲರ್ ಕೈಯಲ್ಲೇ ತಿರುಗಿಸ್ತಿದ್ದೆ. ಹತ್ತು ವರ್ಷದಲ್ಲಿ ವಿಮಾನ ಎಷ್ಟಾದ್ವು ಅಂದ್ರೆ, ಆ ಕೆಲಸಕ್ಕೆ ಒಂದು ಗುಂಪೇ ಬೇಕಾಯ್ತು. ನಿಂತಿದ್ದು ಕೆಡಲ್ಲ, ಸುಮ್ನೆ ಬಿಟ್ಟಿದ್ದು ಕೆಡತ್ತೆ. ಚಕ್ರಾನೂ ಆಗಾಗ ತಿರುಗಿಸ್ಬೇಕು, ಇಲ್ದಿದ್ರೆ ಟೈರು ಒಂದೇ ಕಡೆ ಚಪ್ಪಟೆ ಆಗತ್ತೆ.”

ಆಮೇಲೆ ನನಗೇ ಕೊರೋನಾ ಬಂತು. ಹಾಸಿಗೆ ಹಿಡಿದ ಅಷ್ಟೂ ದಿನ ಕಿಟಕಿಯಿಂದ ಕಾಣುತ್ತಿದ್ದುದು ಒಂದೇ ದೃಶ್ಯ: ಅಜ್ಜ ಮಾಸ್ಕ್ ಹಾಕಿಕೊಂಡು ಬಂದು, ಕೆಳಗೆ ನಿಂತಿದ್ದ ನನ್ನ ಸೈಕಲ್ ಎತ್ತಿ, ಚಕ್ರಗಳನ್ನು ಕಾಲು ಸುತ್ತು ತಿರುಗಿಸಿ ಹೋಗುತ್ತಿದ್ದರು.

ಗುಣವಾದ ದಿನ ಗೋಡೆ ಹಿಡಿದು ಇಳಿದೆ. ಅಜ್ಜ ಸೈಕಲ್ಲಿನ ಆಚೆ ಬದಿಯಲ್ಲಿದ್ದರು. “ಸೈಕಲ್ ಹತ್ತೋ ಶಕ್ತಿ ಇಲ್ಲ,” ಎಂದೆ.

ನಮ್ಮದು ಚೌಕಾಕಾರದ ಕಟ್ಟಡ; ಸೈಕಲ್ ನಿಂತಿದ್ದುದು ಅದರ ಒಂದು ಮೂಲೆಯಲ್ಲಿ. ಅವರು ಮುಂದಿನ ಮೂಲೆ ತೋರಿಸಿ, “ಕ್ವಾರ್ಟ್‌ಸ್ಲಾಖ್,” ಎಂದರು.

ಅವತ್ತು ಅಲ್ಲಿಯವರೆಗೆ ನಡೆದು ಹಿಂತಿರುಗಿದೆ. ದಿನಕ್ಕೊಂದು ಮೂಲೆ ಹೆಚ್ಚಿಸಿದೆ. ನಾಲ್ಕನೆಯ ದಿನ ಹಿಂತಿರುಗಬೇಕಾಗಲಿಲ್ಲ; ಕಟ್ಟಡ ಸುತ್ತಿ ಅವರ ಎದುರಿಗೇ ಬಂದು ನಿಂತಿದ್ದೆ.