ತೆರೆಯ ಮೇಲೆ ನಿಂತುಹೋದ ಕೈಗಳು

ಚನ್ನಪಟ್ಟಣದ ಗೊಂಬೆ ಕೆಲಸಗಾರ ಸಮದ್ ಅವರ ಹಿರಿಮಗಳು ನಿಖಾತ್‌ಗೆ ಹುಟ್ಟಿನಿಂದ ಕಿವಿ ಕೇಳದು. ಮರದ ಗೊಂಬೆಗಳಿಗೆ ಕಣ್ಣು, ಮೀಸೆ ಬರೆಯುವುದು ಅವಳ ಕೆಲಸ. ತಂಗಿ ಜೈನಬ್ ಮತ್ತು ಅವಳು ಚಿಕ್ಕಂದಿನಲ್ಲೇ ಕೈಸನ್ನೆಯ ಭಾಷೆಯೊಂದನ್ನು ಕಟ್ಟಿಕೊಂಡಿದ್ದರು. ಅದರಲ್ಲಿ ಜಗಳವಾಡಬಹುದಿತ್ತು, ಚಾಡಿಯನ್ನೂ ಹೇಳಬಹುದಿತ್ತು. ತಾಯಿ ತೀರಿಕೊಂಡಿದ್ದರು; ತಂದೆಗೆ ಆ ಭಾಷೆ ಅರ್ಧಂಬರ್ಧ.

2008ರಲ್ಲಿ ಜೈನಬ್ ಮದುವೆಯಾಗಿ ದಾವಣಗೆರೆಗೆ ಹೋದಳು. ನಿಖಾತ್ ಊಟ ಬಿಟ್ಟು ಕೂತದ್ದನ್ನು ನೋಡಲಾರದೆ ಸಮದ್ ಹಳೆಯ ಕಂಪ್ಯೂಟರ್, ಕ್ಯಾಮೆರಾ ತಂದು, ಫೋನಿನ ಲೈನಿಗೇ ಇಂಟರ್ನೆಟ್ ಹಾಕಿಸಿದರು. ಮನೆಗೆಲಸ ಮುಗಿಸಿ ಜೈನಬ್ ಗಂಡನ ಮನೆಯ ಕಂಪ್ಯೂಟರಿನ ಮುಂದೆ ಸಿಗುತ್ತಿದ್ದುದು ಸಂಜೆ ಮಾತ್ರ. ಕೆಲವು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಸಂಜೆಯಾದರೆ ಚಿತ್ರ ಕುಂಟುತ್ತಾ, ನಿಲ್ಲುತ್ತಾ ಬರತೊಡಗಿತು.

ಒಂದು ಸಂಜೆ ತುಂಬು ಬಸುರಿ ಜೈನಬ್ ಹೊಟ್ಟೆಯ ಮೇಲೆ ಒಂದು ಕೈ ಇಟ್ಟಳು, ಇನ್ನೊಂದನ್ನು ಎತ್ತಿದಳು. ಕಣ್ಣಲ್ಲಿ ನೀರು. ಚಿತ್ರ ಅಲ್ಲೇ ನಿಂತಿತು, ಮತ್ತೆ ಅಲುಗಲಿಲ್ಲ. ನಿಖಾತ್ ತಂದೆಯ ಭುಜ ಹಿಡಿದು ಅಲುಗಾಡಿಸಿದಳು. ಸಮದ್ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಚೆನ್ನಾಗಿದ್ದಾಳೆ, ಅಷ್ಟೆ. ಹಾಗಾದರೆ ಅತ್ತದ್ದೇಕೆ?

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಗೊಂಬೆಯ ಹುಬ್ಬು ಎರಡು ಸಲ ವಕ್ರವಾಯಿತು. ತಂದೆಯನ್ನು ಹೊರಡಿಸಿ ಫೋನ್ ಲೈನ್‌ಮನ್ ಚೆಲುವಯ್ಯನನ್ನು ಕರೆಸಿದಳು. ಆತ ಕಂಬದಿಂದ ಗೋಡೆಯವರೆಗೂ ತಂತಿ ನೋಡಿದ.

“ಲೈನು ಸರ್ಯಾಗೈತೆ ಸಾಬ್ರೆ. ಬೆಳಿಗ್ಗೆ ಚೆನ್ನಾಗ್ ಬತ್ತದಲ್ವಾ? ಬಿಡದಿ ಫ್ಯಾಕ್ಟ್ರಿಗೋಗೋರು ಏರಿಯಾ ತುಂಬ ಮನೆ ಮಾಡ್ಕಂಡವ್ರೆ. ಸಂಜೆ ಎಲ್ರೂ ಒಟ್ಗೇ ಇಂಟರ್ನೆಟ್ ಹಾಕ್ಕಂಡ್ ಕೂತ್ರೆ ಒಸಿ ನಿಧಾನ ಆಯ್ತದೆ. ನಾನೇನ್ ಮಾಡ್ಲಿ?”

ತಂದೆ ಸನ್ನೆಯಲ್ಲಿ ತಿಳಿಸಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಸಂಜೆ ಕಂಪ್ಯೂಟರ್ ಆರಿಸಿ ಮೋಡೆಮ್ಮಿನ ಮುಂದೆ ಕೂತಳು. ತಾನು ಏನನ್ನೂ ನೋಡುತ್ತಿಲ್ಲ, ಆದರೂ ಹಸಿರು ದೀಪ ಪಟಪಟನೆ ಮಿನುಗುತ್ತಿದೆ! ಅಂದರೆ ಬೇರೆ ಯಾರೋ ಬಳಸುತ್ತಿದ್ದಾರೆ. ತಂದೆಯ ಕೈ ಹಿಡಿದು ಎಳೆದುಕೊಂಡೇ ಮಹಡಿ ಹತ್ತಿದಳು. ಅಲ್ಲಿ ಬಾಡಿಗೆಗಿದ್ದ ಲೋಕೇಶ್, ಕಾರು ಕಾರ್ಖಾನೆಯವನು, ಲ್ಯಾಪ್‌ಟಾಪ್ ತೆರೆದಿಟ್ಟು ಅನ್ನಕ್ಕಿಡುತ್ತಿದ್ದ.

“ನಿಮ್ ವೈಫೈಗೆ ಪಾಸ್‌ವರ್ಡ್ ಇರ್ನಿಲ್ಲ ಸಾಬ್ರೆ, ಅದ್ಕದೇ ಹತ್ಕಂತು,” ಎಂದ ಅವನ ಮುಖ ಸಣ್ಣಗಾಯಿತು. “ಡ್ಯೂಟಿ ಮುಗಿಸ್ಕಂಡ್ ಬಂದು ಪಿಚ್ಚರ್ ಇಳಿಸ್ಕಳ್ತಿದ್ದೆ. ಅಕ್ಕಂಗೆ ತೊಂದ್ರೆ ಆಯ್ತದೆ ಅಂತ ಗೊತ್ತಿರ್ನಿಲ್ಲ. ತಪ್ಪಾಯ್ತು.”

ಅವನೇ ಕೆಳಗಿಳಿದು ಬಂದು ಪಾಸ್‌ವರ್ಡ್ ಹಾಕಿದ. ಕಂಪ್ಯೂಟರಿಗೂ ಮೋಡೆಮ್ಮಿಗೂ ನೇರ ತಂತಿ ಎಳೆದ. ಆದರೂ ಚಿತ್ರ ತಡೆತಡೆದು ಬಂತು. ಚೆಲುವಯ್ಯ ಹೇಳಿದ್ದೂ ಸುಳ್ಳಲ್ಲ. ಲೋಕೇಶ್ ಯೋಚಿಸಿ ಚಿತ್ರದ ಗುಣಮಟ್ಟ ತಗ್ಗಿಸಿದ. ಅಂಗೈ ಅಗಲದ ಮಸುಕು ಚೌಕದಲ್ಲಿ ಜೈನಬ್‌ಳ ಮೂಗು ಎಲ್ಲಿ, ಬಾಯಿ ಎಲ್ಲಿ ತಿಳಿಯುವಂತಿರಲಿಲ್ಲ. ಆದರೆ ಕೈ ಆಡುತ್ತಿತ್ತು.

ಜೈನಬ್ ಮತ್ತೆ ಹೊಟ್ಟೆಯ ಮೇಲೆ ಕೈಯಿಟ್ಟಳು. ಈ ಸಲ ಇನ್ನೊಂದು ಕೈಯನ್ನು ಅಡ್ಡಡ್ಡ ಮಲಗಿಸಿದಳು. ಮಗು ಅಡ್ಡ ತಿರುಗಿದೆ, ಕುಯ್ಯಬೇಕಾಗಬಹುದು ಅಂದಿದ್ದಾರೆ ಡಾಕ್ಟರು. ಅಬ್ಬಾಗೆ ಹೇಳಿಲ್ಲ, ಅವರಿಗೆ ಬಿ.ಪಿ. ಇದೆ. ನನಗೆ ಭಯ. ನೀನು ಬಾ.

ಪಕ್ಕದಲ್ಲಿದ್ದ ಸಮದ್‌ಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಮಗಳ ಮುಖ ಹೇಳಿತು. ಒಬ್ಬಳೇ ಹೇಗೆ ಹೋಗುತ್ತೀಯ ಎಂದು ಅವರು ಕೈಯಾಡಿಸುವಷ್ಟರಲ್ಲಿ ಅವಳು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಾಗಿತ್ತು.

ಬೆಂಗಳೂರಿನವರೆಗೆ ತಂದೆ ಜೊತೆಗೆ ಹೋಗಿ ದಾವಣಗೆರೆಯ ಬಸ್ಸು ಹತ್ತಿಸಿದರು. ಅದು ದಾರಿಯಲ್ಲಿ ನಿಂತಾಗಲೆಲ್ಲ ದಾವಣಗೆರೆ ಬಂತೇನೋ ಎಂದು ನಿಖಾತ್ ಎದ್ದು ನಿಲ್ಲುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕರೆದೊಯ್ಯುವವರೆಗೂ ತಂಗಿಯ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಲೇ ಇದ್ದಳು. ಹುಟ್ಟಿದ್ದು ಹೆಣ್ಣು. ಬಾಣಂತನ ಮುಗಿಸಿಯೇ ಅವಳು ಊರಿಗೆ ಬಂದದ್ದು.